ಒಂದು ದಾಸವಾಳ, ಒಂದು ಕೋಣೆ ಮಕ್ಕಳು: ನನ್ನ ಅನುಭವ

ಮೂಡಿಗೆರೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನಲಿಕಲಿ (ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ಮಕ್ಕಳಿಗೆ ಪಾಠ ಮಾಡುತ್ತೇನೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹೆಚ್ಚಿನವರು ಕಾಫಿ ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವವರು. ಕೆಲವರ ಮನೆಮಾತು ತಮಿಳು, ಕೆಲವರದು ತುಳು. ಈಚೆಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಇಂಥ ಕೋಣೆಯಲ್ಲಿ ಇಂಗ್ಲಿಷ್ ಪದ ಕಲಿಸಲು 'ಪೆಟಲ್ ಅಂದರೆ ಎಸಳು' ಎಂದು ಬೋರ್ಡಿನ ಮೇಲೆ ಬರೆದರೆ ಏನು ಪ್ರಯೋಜನ? ಎಸಳು ಅಂದರೇನು ಅಂತಲೇ ಕೆಲವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಪದಗಳ ಪಟ್ಟಿ ಬದಿಗಿಟ್ಟು ಹೂವನ್ನೇ ಕೈಗೆ ಕೊಡಲು ಶುರು ಮಾಡಿದೆ.

ದಾಸವಾಳವನ್ನೇ ಆರಿಸಿಕೊಳ್ಳಲು ಕಾರಣ ಇದೆ. ನಮ್ಮ ಕಡೆ ಯಾವ ಬೇಲಿ ನೋಡಿದರೂ ಇದೆ, ವರ್ಷವಿಡೀ ಬಿಡುತ್ತದೆ. ಹೂವು ದೊಡ್ಡದು, ಒಳಗಿನ ಭಾಗಗಳೆಲ್ಲ ಬರಿಗಣ್ಣಿಗೆ ಕಾಣುತ್ತವೆ. ಆದರೆ ಒಂಟಿ ಸುತ್ತಿನ ಕೆಂಪು ದಾಸವಾಳವೇ ಆಗಬೇಕು. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಿನ ಹಾಗೆ ಅರಳಿಬಿಟ್ಟಿರುತ್ತವೆ, ಮಕ್ಕಳಿಗೆ ಎಣಿಸಲು ಆಗುವುದಿಲ್ಲ. ಬೆಳಿಗ್ಗೆ ಅರಳಿದ್ದು ಸಂಜೆಗೆ ಮುದುಡುವ ಹೂವು ಇದು. ಅದಕ್ಕೇ ಮೊದಲ ಅವಧಿಯಲ್ಲೇ ಪಾಠ ಇಟ್ಟುಕೊಳ್ಳುತ್ತೇನೆ. ಇಬ್ಬರಿಗೆ ಒಂದು ಹೂವು ಸಾಕು. ಒಬ್ಬರಿಗೊಂದು ಕೊಟ್ಟರೆ ಮಾತೇ ಹುಟ್ಟುವುದಿಲ್ಲ.

ಮೊದಲು ಇಂಗ್ಲಿಷ್ ಸುದ್ದಿಯೇ ಇಲ್ಲ. ಸುಮ್ನೆ ನೋಡಿ, ಮುಟ್ಟಿ, ಮೂಸಿ, ಕಂಡದ್ದನ್ನು ಪಕ್ಕದವರಿಗೆ ಯಾವ ಭಾಷೆಯಲ್ಲಿ ಬೇಕಾದರೂ ಹೇಳಿ ಅನ್ನುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಯಾರಾದರೂ ಒಬ್ಬರು ನಡುವಿನ ಉದ್ದನೆಯ ಕಡ್ಡಿ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಬೆರಳಿಗೆ ಹಳದಿ ಪುಡಿ ಅಂಟಿರುತ್ತದೆ. 'ಮಿಸ್, ಇದೇನು?' ಪದ ಕೊಡುವ ಹೊತ್ತು ಅದೇ. ಅದು 'ಪೋಲನ್' ಅನ್ನುತ್ತೇನೆ. ಆ ಮಗು ತನ್ನ ಜಾಗಕ್ಕೆ ಹೋಗುವಷ್ಟರಲ್ಲಿ ಆ ಪದ ಅರ್ಧ ಕೋಣೆಗೆ ತಲುಪಿರುತ್ತದೆ. ತಾನು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಬೇಕು ಅನ್ನುವ ತವಕ ಬಂದಾಗ ಕೊಟ್ಟ ಪದ ಮಗುವಿನ ಬಾಯಲ್ಲಿ ಉಳಿಯುತ್ತದೆ. ಮೊದಲೇ ಕೊಟ್ಟರೆ ಅದು ಬರೀ ಉರು ಹೊಡೆಯುವ ಕೆಲಸ ಆಗುತ್ತದೆ.

ಕ್ರಿಯಾಪದಗಳನ್ನು ನಾನು ಬೇರೆಯಾಗಿ ಕಲಿಸುವುದೇ ಇಲ್ಲ. ಟಚ್, ಸ್ಮೆಲ್, ಪುಲ್, ಕೌಂಟ್, ಇವೆಲ್ಲ ನನ್ನ ಸೂಚನೆಗಳು. ಹೇಳುತ್ತಾ ನಾನೂ ಮಾಡಿ ತೋರಿಸುತ್ತೇನೆ. ಕನ್ನಡ ಇನ್ನೂ ಸರಿಯಾಗಿ ಬಾರದ ಮಕ್ಕಳೂ ಇಲ್ಲಿ ಹಿಂದೆ ಬೀಳುವುದಿಲ್ಲ. ಇದು ನನಗೆ ತುಂಬಾ ಮುಖ್ಯ. ಬೇರೆ ಪಾಠಗಳಲ್ಲಿ ಮೂಲೆ ಹಿಡಿದು ಕೂರುವ ಮಕ್ಕಳು ಹೂವು ಬಿಡಿಸುವಾಗ ಎಲ್ಲರಿಗಿಂತ ಮುಂದೆ ಇರುತ್ತಾರೆ.

ಬಿಡಿಸುವುದು ಹೊರಗಿನಿಂದ ಒಳಕ್ಕೆ. ಬುಡದಲ್ಲಿ ಸಣ್ಣ ಹಸಿರು ಕಡ್ಡಿಗಳ ಒಂದು ಸುತ್ತು. ಅದರ ಮೇಲೆ ಐದು ಹಲ್ಲಿನ ಹಸಿರು ಬಟ್ಟಲು, ಒಂದೊಂದು ಹಲ್ಲೂ ಒಂದು ಸೆಪಲ್. ಆಮೇಲೆ ಐದು ಕೆಂಪು ಎಸಳು, ಪೆಟಲ್. ಎಸಳಿನ ಬುಡ ಲೋಳೆ ಲೋಳೆ. ಅದನ್ನು ಸೀಳಿ ಮೂಗಿಗೆ ಅಂಟಿಸಿಕೊಳ್ಳುವುದು ಮಕ್ಕಳಿಗೆ ಮೊದಲೇ ಗೊತ್ತಿರುವ ಆಟ. ನಾನು ತಡೆಯುವುದಿಲ್ಲ, 'ಸ್ಟಿಕಿ' ಅನ್ನುವ ಪದ ಅಲ್ಲೇ ಬಂತಲ್ವಾ! ಎಸಳೆಲ್ಲ ಹೋದ ಮೇಲೆ ಉಳಿಯುವುದು ನಡುವಿನ ಕೊಳವೆ. ದಾಸವಾಳದ ವಿಶೇಷ ಇರುವುದೇ ಇಲ್ಲಿ. ಕೇಸರಗಳೆಲ್ಲ ಕೂಡಿಕೊಂಡು ಕೊಳವೆ ಆಗಿರುತ್ತವೆ, ಮೈತುಂಬ ಹಳದಿ ಪರಾಗದ ಗುಂಡುಗಳು. ಉಗುರಿನಿಂದ ಮೆಲ್ಲಗೆ ಸೀಳಿದರೆ ಒಳಗೆ ಇನ್ನೊಂದು ತೆಳ್ಳಗಿನ ಎಳೆ ಬುಡದವರೆಗೂ ಓಡಿರುತ್ತದೆ. ಅದರ ತುದಿಯಲ್ಲಿ ಮಖಮಲ್ಲಿನಂಥ ಐದು ಕೆಂಪು ಚುಕ್ಕೆ. ಬುಡದ ಪುಟ್ಟ ಗಂಟನ್ನು ನಾನೇ ಬ್ಲೇಡಿನಲ್ಲಿ ಕೊಯ್ದು ಮಸೂರದ ಕೆಳಗೆ ಇಡುತ್ತೇನೆ. ಬಿಳಿ ಬಿಳಿ ಕಾಳುಗಳ ಸಾಲು ಕಾಣುತ್ತದೆ. ಬೀಜ ಆಗಬೇಕಾದ್ದು ಅವೇ.

ಎಲ್ಲಿ ನೋಡಿದರೂ ಐದು. 'ಐ ಸೀ ಫೈವ್ ಪೆಟಲ್ಸ್', 'ಐ ಸೀ ಫೈವ್ ಸೆಪಲ್ಸ್' ಅಂತ ವಾಕ್ಯ ತಾನಾಗಿ ಬೆಳೆಯುತ್ತದೆ. ಒಂದನೇ ತರಗತಿಯವರಿಗೆ ರೆಡ್, ಗ್ರೀನ್, ಸಾಫ್ಟ್, ಲೀಫ್, ಬಡ್ ಇಷ್ಟು ಸಾಕು. ಸ್ಟಿಗ್ಮಾ (ಎಳೆಯ ತುದಿಯ ಚುಕ್ಕೆ), ಓವರಿ (ಬುಡದ ಗಂಟು) ಎಲ್ಲ ಈ ವಯಸ್ಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಕೇಳಿದವರಿಗೆ ಹೇಳುತ್ತೇನೆ, ಬರೆಸುವುದಿಲ್ಲ.

ಕಿತ್ತ ಎಸಳನ್ನು ಎಸೆಯುವುದಿಲ್ಲ. ಬಿಳಿ ಹಾಳೆಯ ಮೇಲೆ ಗಟ್ಟಿಯಾಗಿ ಉಜ್ಜಿಸುತ್ತೇನೆ. ಕೆಂಪು ಎಸಳು, ಆದರೆ ಹಾಳೆಯ ಮೇಲೆ ನೇರಳೆ ಬಣ್ಣ! ಒಣಗಿದ ಮೇಲೆ ಒಂದು ಕಡೆ ನಿಂಬೆರಸದ ಹನಿ, ಇನ್ನೊಂದು ಕಡೆ ಸೋಪಿನ ನೀರು. ನಿಂಬೆ ಬಿದ್ದಲ್ಲಿ ಗುಲಾಬಿ, ಸೋಪು ಬಿದ್ದಲ್ಲಿ ಹಸಿರು. ಎಸಳಿನಲ್ಲಿರುವ ಆಂಥೋಸಯನಿನ್ ಅನ್ನುವ ಬಣ್ಣ ಹುಳಿಗೆ ಒಂದು ಥರ, ಕ್ಷಾರಕ್ಕೆ ಇನ್ನೊಂದು ಥರ ತಿರುಗುತ್ತದೆ. ಮಕ್ಕಳಿಗೆ ಆ ಹೆಸರು ಬೇಡ. 'ಲೆಮನ್, ಪಿಂಕ್. ಸೋಪ್, ಗ್ರೀನ್' ಅಂದರೆ ಆಯಿತು. ಮರುದಿನ ಹುಣಸೆಹಣ್ಣು, ಮಜ್ಜಿಗೆ ಅಂತ ಮನೆಯಿಂದಲೇ ತರುತ್ತಾರೆ. ಹಾಕುವ ಮೊದಲು 'ಪಿಂಕ್ ಆರ್ ಗ್ರೀನ್?' ಎಂದು ಕೇಳುತ್ತೇನೆ. ಊಹಿಸಿ ಆಮೇಲೆ ನೋಡುವುದೇ ವಿಜ್ಞಾನ ಅಲ್ವಾ?

ಇಷ್ಟೆಲ್ಲ ಆದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ದಾಸವಾಳದ ಕಾಯಿ ಎಲ್ಲಿ? ನಮ್ಮ ಬೇಲಿಯ ದಾಸವಾಳ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸುವುದು. ಹೀಗಾಗಿ ಶಾಲೆಯ ಕೈತೋಟದಲ್ಲಿ ಬೆಂಡೆ ಹಾಕಿದ್ದೇವೆ. ಬೆಂಡೆ ದಾಸವಾಳದ ಕುಟುಂಬದ್ದೇ ಗಿಡ. ಹಳದಿ ಹೂವು, ಒಳಗೆ ಕಡುನೇರಳೆ, ಅದೇ ಐದು ಎಸಳು, ಅದೇ ಕೊಳವೆ. ಹೂವು ಉದುರಿ ವಾರದೊಳಗೆ ಕೊಯ್ಯುವಂಥ ಕಾಯಿ. ಅಡ್ಡಕ್ಕೆ ಕತ್ತರಿಸಿದರೆ ಅಲ್ಲೂ ಸಾಮಾನ್ಯವಾಗಿ ಐದು ಮನೆ, ಒಳಗೆ ಬೀಜ. ಫ್ಲವರ್, ಫ್ರೂಟ್, ಸೀಡ್ ಮೂರನ್ನೂ ಒಂದೇ ಗಿಡದಲ್ಲಿ ತೋರಿಸಬಹುದು.

ಹೂವು ತನ್ನಿ ಅಂದಾಗ ಮಕ್ಕಳು ಸಿಕ್ಕಿದ್ದೆಲ್ಲ ತರುತ್ತಾರೆ, ಹುಷಾರಾಗಿರಬೇಕು. ಕಣಗಿಲೆ, ಉಮ್ಮತ್ತಿ ವಿಷ. ಮೊದಲೇ ಗಿಡ ತೋರಿಸಿ ಬೇಡ ಅಂದುಬಿಡುತ್ತೇನೆ. ಔಷಧಿ ಹೊಡೆದ ಜಾಗದ ಹೂವೂ ಬೇಡ. ಪಾಠ ಮುಗಿದ ಮೇಲೆ ಕೈ ತೊಳೆಯಲೇಬೇಕು.

ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ (ಕಾಫಿ ಹೂವು ಅರಳಿಸುವ ಮಳೆ) ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಆಗ ದಾಸವಾಳ ಬಿಟ್ಟು ಕಾಫಿ ಹೂವಿಗೆ ಹೋಗುತ್ತೇವೆ. ಎರಡು ಮೂರು ದಿನ ಮಾತ್ರ ಇರುವ ಹೂವು, ಹಾಗಾಗಿ ಬೇರೆ ಪಾಠ ಮುಂದೂಡಿದರೂ ಪರವಾಗಿಲ್ಲ. ಪೋಲನ್, ಪೆಟಲ್, ವೈಟ್, ಬೀ, ಇಷ್ಟರ ಜತೆ ಮಕ್ಕಳೇ ನಮಗೆ ತಿರುಗಿ ಪಾಠ ಮಾಡುತ್ತಾರೆ. ಯಾವುದು ತುಡುವೆ, ಯಾವುದು ಹೆಜ್ಜೇನು ಅಂತ ಅವರಿಗೇ ಚೆನ್ನಾಗಿ ಗೊತ್ತು. ರೊಬಸ್ಟಾ ಅನ್ನುವ ಬಗೆಯ ಕಾಫಿ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅದನ್ನು ತರುವುದು ಗಾಳಿ ಮತ್ತು ಜೇನು ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಬೆರಳಿಗೆ ಅಂಟಿದ ಹಳದಿ ಪುಡಿ ನೆನಪಿರುತ್ತದಲ್ಲ.

ತೋಟದವರನ್ನು ಕೇಳಿ ಕೆಲವು ಗೆಣ್ಣುಗಳಿಗೆ ಬಣ್ಣದ ದಾರ ಕಟ್ಟಿ ಬರುತ್ತೇವೆ. ಬೇಸಿಗೆ ರಜೆ ಮುಗಿಸಿ ಬಂದಾಗ ಅಲ್ಲಿ ಸಣ್ಣ ಹಸಿರು ಕಾಯಿ. ಹೊಸದಾಗಿ ಒಂದನೇ ತರಗತಿಗೆ ಸೇರಿದವರಿಗೆ ಅದನ್ನು ತೋರಿಸಿ ಹೇಳಿಕೊಡುವ ಕೆಲಸ ದೊಡ್ಡ ಮಕ್ಕಳದು. ಇನ್ನೊಂದು ಬಗೆಯ ಕಾಫಿ ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು ಬೇಕು, ರೊಬಸ್ಟಾಗೆ ಇನ್ನೂ ಜಾಸ್ತಿ. ಕೊಯ್ಲಿನವರೆಗೂ ಆಗಾಗ ಹೋಗಿ ನೋಡುತ್ತೇವೆ, ಸ್ಮಾಲ್, ಬಿಗ್, ಗ್ರೀನ್, ರೆಡ್ ಎಂದು ಚಿತ್ರ ಬರೆದು ಪಕ್ಕದಲ್ಲಿ ಪದ ಬರೆಯುತ್ತಾರೆ.