ಕಲಿಕಾ ನ್ಯೂನತೆ: ಪದವಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಪಡೆಯುವುದು ಹೇಗೆ

ಡಿಸ್ಲೆಕ್ಸಿಯಾ (ಓದುವ ತೊಡಕು) ಅಥವಾ ಡಿಸ್ಗ್ರಾಫಿಯಾ (ಬರೆಯುವ ತೊಡಕು) ಇದೆಯೆಂದು ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಸಿಕ್ಕ ಹೆಚ್ಚುವರಿ ಸಮಯ ಪದವಿಗೆ ತಾನಾಗಿ ಮುಂದುವರಿಯುವುದಿಲ್ಲ. ಬೋರ್ಡ್ ಬೇರೆ, ವಿಶ್ವವಿದ್ಯಾಲಯ ಬೇರೆ. ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ಓಡಾಡಿದರೆ ಆ ಸೆಮಿಸ್ಟರ್ ಹೋದಂತೆಯೇ. ಕಾಲೇಜಿಗೆ ಸೇರಿದ ತಿಂಗಳಲ್ಲೇ ಅರ್ಜಿ ಕೊಡಿ.

ಮೊದಲು ನ್ಯೂನತೆಯ ಪ್ರಮಾಣಪತ್ರದ ತಾರೀಖು ನೋಡಿ. ಕಲಿಕಾ ನ್ಯೂನತೆಯ ತಪಾಸಣೆಗಿರುವ ಕೇಂದ್ರ ಮಾರ್ಗಸೂಚಿ 14 ಮತ್ತು 18ನೇ ವಯಸ್ಸಿಗೆ ಮರುತಪಾಸಣೆ ಕೇಳುತ್ತದೆ. 18ರಲ್ಲಿ ಪಡೆದದ್ದು ಜೀವನಪೂರ್ತಿಗೆ. ಹೈಸ್ಕೂಲಿನ ಹಳೆಯ ಪತ್ರ ಹಿಡಿದು ಹೋದವರು ವಾಪಸ್ ಬರುವುದು ಇಲ್ಲೇ. ಖಾಸಗಿ ಮನಶ್ಶಾಸ್ತ್ರಜ್ಞರ ವರದಿ ವೈದ್ಯರಿಗೆ ನೆರವಾಗಬಹುದು, ಆದರೆ ಅದೇ ಪ್ರಮಾಣಪತ್ರವಲ್ಲ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ (ಯುಡಿಐಡಿ) ಅರ್ಜಿ ಹಾಕಿ, ಸರ್ಕಾರ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ನ್ಯೂನತೆ ಕಾನೂನಿನ ಮಿತಿಯಾದ 40% ಮುಟ್ಟದಿದ್ದರೆ ನಿರಾಶರಾಗಬೇಡಿ. ಬರೆಯಲು ತೊಂದರೆಯಿದೆ ಎಂಬ ವೈದ್ಯಕೀಯ ಪತ್ರ ಇದ್ದವರಿಗಾಗಿ 2022ರ ಆಗಸ್ಟ್‌ನಲ್ಲೇ ಬೇರೆ ಮಾರ್ಗಸೂಚಿ ಬಂದಿತ್ತು.

ಅರ್ಜಿ ಪ್ರಾಂಶುಪಾಲರಿಗೆ, ಪ್ರತಿ ಮೌಲ್ಯಮಾಪನ ಕುಲಸಚಿವರಿಗೆ, ಸಮಾನ ಅವಕಾಶ ಕೋಶವಿದ್ದರೆ ಅಲ್ಲಿಗೂ. 'ಅನುಕೂಲ ಮಾಡಿಕೊಡಿ' ಎಂದಷ್ಟೇ ಬರೆದರೆ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಬೇಕಾದ್ದನ್ನು ಒಂದೊಂದಾಗಿ ಬರೆಯಿರಿ: ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ, ಪ್ರತ್ಯೇಕ ಕೊಠಡಿ, ಆಂತರಿಕ ಪರೀಕ್ಷೆಗೂ ಇದೇ ಸೌಲಭ್ಯ. ಈ 20 ನಿಮಿಷದ ಲೆಕ್ಕ 2018ರ ಆಗಸ್ಟ್ 29ರ ಕೇಂದ್ರ ಮಾರ್ಗಸೂಚಿಯಲ್ಲಿ ಬಂದದ್ದು. ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ತಾರೀಖು ನಮೂದಿಸಿ. ಡಿಸ್ಕ್ಯಾಲ್ಕುಲಿಯಾ (ಲೆಕ್ಕದ ತೊಡಕು) ಇದ್ದವರು ಕ್ಯಾಲ್ಕುಲೇಟರ್ ಅನ್ನು ಬೇರೆಯಾಗಿಯೇ ಕೇಳಬೇಕು.

ನೀವು ಹೇಳಿದ ಉತ್ತರ ಬರೆಯುವ ಲಿಪಿಕಾರರು ಎಲ್ಲರಿಗೂ ಬೇಕಿಲ್ಲ. ಕೈ ನಿಧಾನವಾದರೆ ಉಪಯೋಗ. ಓದುವುದೇ ಕಷ್ಟವಾದರೆ ಪ್ರಶ್ನೆ ಓದಿ ಹೇಳುವವರು ಸಾಕು. ಬಾಯಲ್ಲಿ ಉತ್ತರ ಹೇಳಿ ಬರೆಸುವುದು ಅಭ್ಯಾಸವಿಲ್ಲದಿದ್ದರೆ ಇನ್ನೂ ತಡವಾಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿ, ಪೂರ್ತಿ ಪರೀಕ್ಷೆಯನ್ನೇ ಮೊದಲು ಬರೆಸಿ ನೋಡಿ.

ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ಲಿಖಿತ ಆದೇಶವನ್ನೇ ಪಡೆಯಿರಿ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೆ ಆದೇಶ ತಲುಪಿರುವುದಿಲ್ಲ, ಗಂಟೆ ಹೊಡೆದ ತಕ್ಷಣ ಉತ್ತರಪತ್ರಿಕೆ ಎಳೆದುಕೊಳ್ಳುತ್ತಾರೆ. ನೀಟ್‌ನಲ್ಲಿ ಡಿಸ್ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ಆ 1 ಗಂಟೆ ತಪ್ಪಿಸಿದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಮರುಪರೀಕ್ಷೆ ಮಾತ್ರ ಸಿಗಲಿಲ್ಲ. ಆದ್ದರಿಂದ ಆದೇಶದ ಪ್ರತಿಯನ್ನು ಹಿಂದಿನ ದಿನವೇ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಕೊಟ್ಟು, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಆದರೂ ಸಮಯ ಕೊಡದಿದ್ದರೆ ಅಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಅಂಗವಿಕಲರ ರಾಜ್ಯ ಆಯುಕ್ತರ ಬಳಿ ಹೋಗುವಾಗ ಅದೇ ಆಧಾರ.

ಓದಿಗೆ ಫೋನಿನ ಓದುವ ತಂತ್ರಾಂಶ ಒಳ್ಳೆಯದು. ಆದರೆ ಹಳೆಯ ನುಡಿ ಫಾಂಟ್‌ನ ಕನ್ನಡ ನೋಟ್ಸ್ ಅದಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಉಪನ್ಯಾಸಕರಲ್ಲಿ ಯೂನಿಕೋಡ್ ಕಡತವನ್ನೇ ಕೇಳಿ.