ವಾರ್ಷಿಕ ಸಭೆಗೆ ಗ್ರಂಥಾಲಯದ ಲೆಕ್ಕ ಒಯ್ಯುವ ಮುನ್ನ

ಮುಂಬೈಯಲ್ಲಿ ಕನ್ನಡ ಸಂಘದ ಒಂದೇ ಕೋಣೆಗೆ ಹಲವು ಹಕ್ಕುದಾರರು: ಯಕ್ಷಗಾನದ ತಾಲೀಮು, ಭಜನಾ ಮಂಡಳಿ, ಮಕ್ಕಳ ಕನ್ನಡ ತರಗತಿ. ಪುಸ್ತಕದ ಕಪಾಟುಗಳನ್ನು ಮೂಲೆಗೆ ಸರಿಸುವ ಮಾತು ಬಂದಾಗ ‘ಓದುವ ಸಂಸ್ಕೃತಿ ಉಳಿಯಬೇಕು’ ಎಂದರೆ ಖಜಾಂಚಿ ಒಪ್ಪುವುದಿಲ್ಲ, ಅಂಕಿ ಬೇಕು. ಯಾರೇ ರಿಜಿಸ್ಟರ್ ತೆರೆದು ಎಣಿಸಿದರೂ ಆ ಅಂಕಿ ಅಷ್ಟೇ ಬರಬೇಕು.

ಮೊದಲು ಬೇಡಿಕೆಯನ್ನು ಒಂದು ಸಾಲಿನಲ್ಲಿ ಬರೆಯಿರಿ: ‘ಶನಿವಾರ, ಭಾನುವಾರ ಸಂಜೆ 4ರಿಂದ 8 ಗಂಟೆಯವರೆಗೆ ಕೋಣೆ ಗ್ರಂಥಾಲಯಕ್ಕೆ ಬೇಕು.’ ಇದಕ್ಕೆ ಸಂಬಂಧವಿಲ್ಲದ ಅಂಕಿಯನ್ನು ಬಿಟ್ಟುಬಿಡಿ. ಸಂಬಂಧವಿದ್ದೂ ನಿಮಗೆ ಅನುಕೂಲವಲ್ಲದ್ದನ್ನು ಮಾತ್ರ ಬಿಡುವಂತಿಲ್ಲ.

ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಇಶ್ಯೂ ರಿಜಿಸ್ಟರಿನಿಂದ ಮೂರು ಲೆಕ್ಕ ತೆಗೆಯಿರಿ: ಹೊರಹೋದ ಪುಸ್ತಕಗಳು, ಅವಧಿ ಮುಂದುವರಿಸಿಕೊಂಡ ಪುಸ್ತಕಗಳು (ಇವನ್ನು ಮೊದಲಿನದಕ್ಕೆ ಸೇರಿಸಬೇಡಿ), ವರ್ಷದಲ್ಲಿ ಒಮ್ಮೆಯಾದರೂ ಪುಸ್ತಕ ಒಯ್ದ ಸದಸ್ಯರು. ಮೂರನೆಯದೇ ಮುಖ್ಯ. ಊರಿಗೆ ಮರಳಿದವರೂ ತೀರಿಹೋದವರೂ ಸದಸ್ಯರ ಪಟ್ಟಿಯಲ್ಲಿ ಹಾಗೇ ಇರುತ್ತಾರೆ. ಪಟ್ಟಿಯಲ್ಲಿ 600, ಪುಸ್ತಕ ಒಯ್ದವರು 140 ಎಂದಾದರೆ ಎರಡನ್ನೂ ಬರೆಯಿರಿ. ಭೇಟಿಗೂ ಓದುಗರಿಗೂ ವ್ಯತ್ಯಾಸವಿದೆ: ವಾರಕ್ಕೆ 2 ಸಲದಂತೆ 50 ವಾರ ಬಂದವರು 100 ಭೇಟಿ, ಆದರೆ ಒಬ್ಬರೇ ಓದುಗರು. ತಾಲೀಮಿಗೆ ಬಂದವರ ಹಾಜರಿಯನ್ನು ಇದರಲ್ಲಿ ತುಂಬಿಸುವುದು ಹಳೆಯ ಚಾಳಿ; ತಾಲೀಮಿನವರೂ ಅದೇ ಸಭೆಯಲ್ಲಿ ಕೂತಿರುತ್ತಾರೆ.

ಹೋಲಿಕೆಗೆ ಜೂನ್‌ನ ಎದುರು ಹಿಂದಿನ ವರ್ಷದ ಜೂನ್ ಇಡಿ. ಮೇ ತಿಂಗಳಲ್ಲಿ ಅರ್ಧ ಜನ ಊರಲ್ಲಿರುತ್ತಾರೆ. ಮೇ–ಜೂನ್ ಹೋಲಿಸಿದರೆ ಏರಿಕೆ ಬಾರದೆ ಇರುವುದಿಲ್ಲ. ಲಾಕ್‌ಡೌನಿನ 2020–21 ಆಧಾರವರ್ಷವಾದರೂ ಅದೇ ಕಥೆ. ಸಂಖ್ಯೆ ಚಿಕ್ಕದಿದ್ದರೆ ಶೇಕಡಾ ಬೇಡ: ‘ಮಕ್ಕಳ ಸದಸ್ಯತ್ವ ಶೇ. 100 ಏರಿಕೆ’ ಎನ್ನುವ ಬದಲು ‘4ರಿಂದ 8’ ಎನ್ನಿ.

2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಇದು ಸೊಲ್ಲಾಪುರ, ಸಾಂಗಲಿಯಂಥ ಗಡಿ ಜಿಲ್ಲೆಗಳನ್ನೂ ಸೇರಿಸಿದ ಲೆಕ್ಕ. ಇದನ್ನೇ ‘ನಮ್ಮ ಗ್ರಂಥಾಲಯದ ಓದುಗವಲಯ’ ಎಂದು ಹೇಳಿಕೊಳ್ಳಬಾರದು.

ಹಣದ ಲೆಕ್ಕದಲ್ಲೂ ಆಮಿಷವಿದೆ. ಹೊರಹೋದ 2,400 ಪುಸ್ತಕಗಳನ್ನು ತಲಾ ₹250ರಿಂದ ಗುಣಿಸಿ ‘ಓದುಗರಿಗೆ ₹6 ಲಕ್ಷ ಉಳಿತಾಯ’ ಎನ್ನುತ್ತಾರೆ. ಎರವಲು ಪಡೆದವರೆಲ್ಲ ಆ ಪುಸ್ತಕವನ್ನು ಕೊಳ್ಳುತ್ತಿದ್ದರೇ? ವರ್ಷದ ಖರ್ಚು ₹1,20,000 ಇದ್ದರೆ ಒಂದು ಎರವಲಿಗೆ ₹50 ಬಿತ್ತು ಎನ್ನುವುದೇ ನೇರ ಮಾತು. ಕೋಣೆಯ ಬಾಡಿಗೆ ಸೇರಿದೆಯೋ ಇಲ್ಲವೋ ಅಲ್ಲೇ ಬರೆಯಿರಿ.

ಕಂಬದ ನಕ್ಷೆ ಸೊನ್ನೆಯಿಂದ ಶುರುವಾಗಲಿ. 500ರಿಂದ ಶುರುಮಾಡಿದರೆ 520 ಮತ್ತು 560ರ ಕಂಬಗಳು ಒಂದಕ್ಕೆ ಮೂರರಂತೆ ಕಾಣುತ್ತವೆ. ನಿಜವಾದ ಏರಿಕೆ ಶೇ. 8ಕ್ಕೂ ಕಡಿಮೆ. ಎಕ್ಸೆಲ್ ಕೆಲವೊಮ್ಮೆ ತಾನಾಗಿಯೇ ಹೀಗೆ ಮಾಡುತ್ತದೆ, ಮುದ್ರಿಸುವ ಮುನ್ನ ನೋಡಿ.

ಹೆಚ್ಚು ಎಡವುವುದು ಓದುಗರ ಗುಟ್ಟಿನ ವಿಷಯದಲ್ಲಿ. ಯಾರು ಯಾವ ಪುಸ್ತಕ ಒಯ್ದರು ಎಂಬುದು ಅವರ ಖಾಸಗಿ ಸಂಗತಿ. ಆ ಹಾಳೆಯನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹೆಸರು ಅಳಿಸಿದರೂ ಸಾಲದು. ‘ಡೊಂಬಿವಲಿಯಿಂದ ಬರುವ 80 ದಾಟಿದ ನಿವೃತ್ತ ಶಿಕ್ಷಕಿ’ ಎಂದರೆ ಇಡೀ ಸಂಘಕ್ಕೆ ಗೊತ್ತಾಗುತ್ತದೆ. ವಯೋಗುಂಪುಗಳ ಕೋಷ್ಟಕದ ಯಾವ ಚೌಕದಲ್ಲಾದರೂ 5ಕ್ಕಿಂತ ಕಡಿಮೆ ಜನರಿದ್ದರೆ ಪಕ್ಕದ ವಯೋಗುಂಪಿಗೆ ಸೇರಿಸಿ. ಆ ಒಂದು ಚೌಕವನ್ನಷ್ಟೇ ಖಾಲಿ ಬಿಟ್ಟರೆ ಒಟ್ಟು ಮೊತ್ತದಿಂದ ಕಳೆದು ಯಾರು ಬೇಕಾದರೂ ಕಂಡುಹಿಡಿಯುತ್ತಾರೆ. ಓದುಗರ ಮಾತು, ಫೋಟೊ ಬಳಸುವುದಾದರೆ ಎಲ್ಲಿ ಬಳಸುತ್ತೀರಿ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂದು ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಕ್ಕಳದ್ದಾದರೆ ಪೋಷಕರ ಸಹಿ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ.

1967ರ ಮಹಾರಾಷ್ಟ್ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಅನುದಾನ ಬರುತ್ತಿದ್ದರೆ, ಸರ್ಕಾರಕ್ಕೆ ಕೊಟ್ಟ ಸಂಖ್ಯೆಯೂ ಸಭೆಗೆ ಕೊಡುವುದೂ ಒಂದೇ ಇರಲಿ.

ಎಲ್ಲವೂ ಒಂದು ಪುಟದಲ್ಲಿ ಮುಗಿಯಲಿ. ಎರವಲು ಇಳಿದಿದ್ದರೆ ಅದನ್ನೂ ಹಾಕಿ; ಆ ವರ್ಷ ಕೋಣೆ ಎಷ್ಟು ವಾರ ಬೇರೆ ಕಾರ್ಯಕ್ರಮಕ್ಕೆ ಹೋಗಿತ್ತು ಎಂಬುದನ್ನು ಪಕ್ಕದಲ್ಲಿ ಬರೆಯಿರಿ, ಇಳಿಕೆಗೆ ಅದೇ ಕಾರಣವೆಂದು ಮಾತ್ರ ಸಾಧಿಸಬೇಡಿ. ಹಾಳೆಯ ಹಿಂಬದಿಯಲ್ಲಿ ಯಾವ ರಿಜಿಸ್ಟರ್, ಯಾವ ದಿನಾಂಕಗಳು, ಎಣಿಸಿದವರು ಯಾರು ಎಂದು ನಮೂದಿಸಿ. ಆಮೇಲೆ ಇನ್ನೊಬ್ಬರು ತಮಗೆ ತೋಚಿದ ಒಂದು ತಿಂಗಳನ್ನು ಮತ್ತೆ ಎಣಿಸಲಿ. ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಡೀ ವರ್ಷವನ್ನು ಮರುಎಣಿಕೆ ಮಾಡಿ.