ಅಂಜೂರವೋ, ಫೌಂಟನ್ ಹುಲ್ಲೋ: ಪುಣೆಯ ಕೈತೋಟದ ಲೆಕ್ಕ

ಪುಣೆಯಲ್ಲಿ ಕಾಂಪೌಂಡಿನೊಳಗೆ ಒಂದಿಷ್ಟು ಖಾಲಿ ಜಾಗ ಸಿಕ್ಕವರು ಮೊದಲು ಕೇಳುವುದು, ಹಣ್ಣಿನ ಗಿಡ ಹಾಕಲೋ, ನೋಟಕ್ಕೆ ಏನಾದರೂ ಹಾಕಲೋ ಎಂದು. ನಾನು ಎರಡನ್ನೂ ಬೆಳೆಸುತ್ತೇನೆ. ಹಣ್ಣಿಗೆ ಪೂನಾ ಅಂಜೂರ, ನೋಟಕ್ಕೆ ನೇರಳೆ ಫೌಂಟನ್ ಹುಲ್ಲು. ಎರಡಕ್ಕೂ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಎರಡೂ ಇಲ್ಲಿನ ಒಣ ಹವೆಗೆ ಒಗ್ಗುತ್ತವೆ. ಹಾಗಾಗಿ ಬಿಸಿಲು ನೋಡಿ ತೀರ್ಮಾನ ಮಾಡುವಂತಿಲ್ಲ. ನೋಡಬೇಕಾದದ್ದು ಮಣ್ಣಿನ ಆಳ, ಮತ್ತು ಬೇಕೆಂದಾಗ ನೀರು ಕೊಡುವುದನ್ನು ನಿಲ್ಲಿಸಲು ಆಗುತ್ತದೆಯೇ ಎಂಬುದು.

ಮೊದಲು ಹಾರೆ ಹಾಕಿ ನೋಡಿ. ಬಾಣೇರ್, ವಾಕಡ್, ಬಾವಧನ್ ಕಡೆಯ ಹೊಸ ಕಟ್ಟಡಗಳ ಸುತ್ತ ಮೇಲಿನ ಒಂದಡಿ ಕೆಂಪು ಮಣ್ಣಿನ ಕೆಳಗೆ ಇಟ್ಟಿಗೆ ಚೂರು, ಕಾಂಕ್ರೀಟ್ ಹೆಂಟೆ, ಮುರುಮ್ (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಗುವುದು ಸಾಮಾನ್ಯ. 45 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿ, ಒಂದು ಗಂಟೆಯಲ್ಲಿ ಮಟ್ಟ ಎಷ್ಟು ಇಳಿಯಿತೆಂದು ಅಳೆಯಿರಿ. 2 ಸೆಂ.ಮೀ. ಕೂಡ ಇಳಿಯದಿದ್ದರೆ ಅಲ್ಲಿ ಅಂಜೂರ ಬೇಡ. ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ. ಮಣ್ಣಿನಲ್ಲಿ ಸುಣ್ಣ ಇದ್ದರೆ ಅಂಜೂರಕ್ಕೆ ಚಿಂತೆಯಿಲ್ಲ, ನಿಂತ ನೀರನ್ನು ಮಾತ್ರ ಅದು ತಾಳದು. ಭೌಗೋಳಿಕ ಸೂಚಕ ಪಡೆದಿರುವ ಪುರಂದರ ತಾಲ್ಲೂಕಿನ ಅಂಜೂರ ಬೆಳೆಯುವುದು ನೀರು ಬೇಗ ಬಸಿದುಹೋಗುವ ಹಗುರ, ಮಧ್ಯಮ ಮಣ್ಣಿನಲ್ಲಿಯೇ. ಫೌಂಟನ್ ಹುಲ್ಲಿಗೂ ನಿಂತ ನೀರು ಆಗದು. ಆದರೆ ಅದರ ಬೇರಿಗೆ ಒಂದಡಿ ಮಣ್ಣು ಸಾಕಾದ್ದರಿಂದ, ಎರೆಮಣ್ಣಿನ ಮೇಲೆ 15 ಸೆಂ.ಮೀ. ಎತ್ತರದ ಮಡಿ ಕಟ್ಟಿದರೆ ಕೆಲಸ ಆಯಿತು.

ಅಪಾರ್ಟ್‌ಮೆಂಟಿನ ಪೋಡಿಯಂ ತೋಟ ಆದರೆ ಯೋಚನೆಯೇ ಬೇಡ, ಹುಲ್ಲು ಹಾಕಿ. ಅಲ್ಲಿ ಸ್ಲ್ಯಾಬಿನ ಮೇಲೆ ಇರುವುದು ಒಂದೂವರೆ ಎರಡು ಅಡಿ ಮಣ್ಣು, ಅದರಡಿ ವಾಟರ್‌ಪ್ರೂಫಿಂಗ್. ಅಂಜೂರದ ಬೇರು ತೇವ ಹುಡುಕಿಕೊಂಡು ಹೋಗುವ ಜಾತಿ. ಸಂಪು, ಡ್ರೈನೇಜ್ ಛೇಂಬರ್, ಗೋಡೆಯ ಪಾಯ ಇವುಗಳಿಂದ ಕನಿಷ್ಠ 8 ಅಡಿ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ 200 ಲೀಟರಿನ ನೀಲಿ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ 12 ಮಿ.ಮೀ.ನ ಹತ್ತು ತೂತು ಕೊರೆದು, ಅದರಲ್ಲಿ ಬೆಳೆಸಬಹುದು. ನೆನೆದ ಮಣ್ಣಿನ ಸಮೇತ ಅದು 150 ಕಿಲೋ ದಾಟುತ್ತದೆ. ಟೆರೇಸಿನಲ್ಲಿ ಇಡುವುದಾದರೆ ಬೀಮಿನ ಮೇಲೆಯೇ ಇಡಿ.

ನೆಲದಲ್ಲಿ ಅಂಜೂರಕ್ಕೆ ಉದ್ದ, ಅಗಲ, ಆಳ ಮೂರೂ 60 ಸೆಂ.ಮೀ. ಇರುವ ಗುಂಡಿ ತೆಗೆದು, ಮೇಲ್ಮಣ್ಣಿಗೆ 15 ಕಿಲೋ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬುತ್ತೇನೆ. ಸಸಿಗೆ ದುಡ್ಡು ಕೊಡಬೇಕೆಂದೇನೂ ಇಲ್ಲ. ವರ್ಷ ತುಂಬಿದ, ಬೆರಳು ದಪ್ಪದ ಕೊಂಬೆಯಿಂದ 20–25 ಸೆಂ.ಮೀ. ತುಂಡು ಕತ್ತರಿಸಿ, ಎರಡು ಕಣ್ಣು ಮಣ್ಣೊಳಗೆ, ಎರಡು ಹೊರಗೆ ಇರುವಂತೆ ಊರಿದರೆ ಬೇರು ಬರುತ್ತದೆ. ಪೂನಾ ತಳಿಗೆ ಪರಾಗಸ್ಪರ್ಶ ಬೇಕಿಲ್ಲ, ಆದ್ದರಿಂದ ಒಂದೇ ಗಿಡ ಇದ್ದರೂ ಕಾಯಿ ಕಟ್ಟುತ್ತದೆ. ಎರಡು ಅಡಿ ಎತ್ತರಕ್ಕೆ ತುದಿ ಚಿವುಟಿ, ದಿಕ್ಕಿಗೊಂದರಂತೆ ಮೂರು ನಾಲ್ಕು ರೆಂಬೆ ಮಾತ್ರ ಬಿಡಿ. ಎರಡನೆಯ ವರ್ಷದಿಂದ ಒಂದಷ್ಟು ಹಣ್ಣು ಬರುತ್ತದೆ.

ಅಂಜೂರದ ಗುಟ್ಟೆಲ್ಲ ಸವರುವುದರಲ್ಲಿದೆ. ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ. ಸವರದೆ ಬಿಟ್ಟರೆ ಗಿಡ ಬರೀ ಎತ್ತರಕ್ಕೆ ಹೋಗಿ, ತುದಿಯ ಹಣ್ಣು ಬುಲ್‌ಬುಲ್ ಪಾಲಾಗುತ್ತದೆ. ಇಲ್ಲಿನ ರೈತರು ವರ್ಷದಲ್ಲಿ ಎರಡು ಬಹಾರ, ಅಂದರೆ ಎರಡು ಫಸಲು, ಹಿಡಿಯುತ್ತಾರೆ. ಜೂನ್‌ನಲ್ಲಿ ಸವರಿದರೆ ಖಟ್ಟಾ ಬಹಾರ, ಮಳೆ ಹಿಂದೆಗೆಯುವಾಗ ಸವರಿದರೆ ಮೀಠಾ ಬಹಾರ. ಮಾರುವವರಿಗೆ ಖಟ್ಟಾ ಬಹಾರದಲ್ಲಿ ಬೆಲೆ ಸಿಗಬಹುದು. ಮನೆಗೆ ಮೀಠಾ ಬಹಾರವೇ ಸರಿ. ಮಳೆಯಲ್ಲಿ ಬಂದ ಎಳೆ ಎಲೆಗೆ ತುಕ್ಕುರೋಗ ತಪ್ಪಿದ್ದಲ್ಲ, ಮೋಡದಲ್ಲಿ ಮಾಗಿದ ಹಣ್ಣಿಗೆ ಸಿಹಿಯೂ ಕಡಿಮೆ.

ನನ್ನ ಕ್ರಮ ಹೀಗೆ. ಆಗಸ್ಟ್ ಕೊನೆಗೆ ಅಂಜೂರದ ಡ್ರಿಪ್ ಬಂದ್. ಮಳೆಯ ನಡುವೆ ಬಿಡುವು ಸಿಕ್ಕರೂ ನೀರು ಕೊಡುವುದಿಲ್ಲ. ಎಲೆ ಹಳದಿಯಾಗಿ ಉದುರಲಿ. ಹೀಗೆ ಬಾಯಾರಿಸುವುದನ್ನು ಇಲ್ಲಿ ಮರಾಠಿಯಲ್ಲಿ ‘ತಾಣ್’ (ಒತ್ತಡ) ಕೊಡುವುದು ಎನ್ನುತ್ತಾರೆ. ಅಕ್ಟೋಬರ್ ಮೊದಲ ಹತ್ತು ದಿನದಲ್ಲಿ, ಆ ವರ್ಷ ಬೆಳೆದ ಪ್ರತಿ ರೆಂಬೆಯಲ್ಲಿ ಬುಡದ ಮೂರು ನಾಲ್ಕು ಕಣ್ಣು ಉಳಿಸಿ ಮಿಕ್ಕದ್ದನ್ನು ಕತ್ತರಿಸುತ್ತೇನೆ. ಕೈಗವಸು ಬೇಕೇಬೇಕು, ಹಾಲು ತಾಗಿದರೆ ಚರ್ಮ ಉರಿಯುತ್ತದೆ. ಗಾಯಕ್ಕೆ ಬೋರ್ಡೋ ಮುಲಾಮು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಇದನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕಲೆಸಿ. ಆಮೇಲೆ ಗೊಬ್ಬರ ಕೊಟ್ಟು ನೀರು ಬಿಟ್ಟರೆ ಚಿಗುರಿನ ಜೊತೆಗೇ ಎಲೆಯ ಸಂದಿನಲ್ಲಿ ಕಾಯಿ ಕಾಣುತ್ತದೆ. ಸವರಿದ ನಾಲ್ಕು ನಾಲ್ಕೂವರೆ ತಿಂಗಳಿಗೆ, ಅಂದರೆ ಫೆಬ್ರವರಿ ನಡುವಿನಿಂದ ಕೊಯ್ಲು. ಅಂಜೂರ ಕಿತ್ತ ಮೇಲೆ ಮಾಗುವ ಹಣ್ಣಲ್ಲ. ತೊಟ್ಟು ಬಾಗಿ, ಕೈಗೆ ಮೆತ್ತಗೆ ಸಿಕ್ಕಾಗಲೇ ಕೀಳಬೇಕು. ಅಷ್ಟರೊಳಗೆ ಬಲೆ ಹೊದಿಸದಿದ್ದರೆ ಹಕ್ಕಿಗೆ, ಬಾವಲಿಗೆ ಹಬ್ಬ.

ತುಕ್ಕುರೋಗವನ್ನು ಎಲೆಯ ಅಡಿಭಾಗದ ಕಿತ್ತಳೆ ಪುಡಿಯಿಂದ ಗುರುತಿಸಬಹುದು. 5 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 50 ಗ್ರಾಂ ಬೆರೆಸಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸುತ್ತೇನೆ. ಸಿಂಪಡಿಸುವ ಮೊದಲು ದ್ರಾವಣದಲ್ಲಿ ಕಬ್ಬಿಣದ ಮೊಳೆ ಅದ್ದಿ ನೋಡಿ. ಮೊಳೆಗೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕಾಂಡದಲ್ಲಿ ತೂತು, ಬುಡದಲ್ಲಿ ಮರದ ಪುಡಿ ಕಂಡರೆ ಕಾಂಡಕೊರಕ ಹುಳು. ತಂತಿ ತೂರಿಸಿ ಹುಳು ಕೊಂದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಕೆಸರು ಮೆತ್ತಿ.

ಹುಲ್ಲಿಗೆ ಇಷ್ಟೆಲ್ಲ ಉಪಚಾರ ಇಲ್ಲ. ಒಂದಡಿ ಗುಂಡಿ, ಎರಡು ಕಿಲೋ ಗೊಬ್ಬರ, 60 ಸೆಂ.ಮೀ. ಅಂತರ, ಎಂಟಡಿ ಪಟ್ಟಿಗೆ ನಾಲ್ಕು ಬುಡ. ಬುಡದ ಕತ್ತು ಮಣ್ಣಿನ ಮಟ್ಟಕ್ಕೇ ಇರಲಿ, ಹೂತರೆ ಕೊಳೆಯುತ್ತದೆ. ನರ್ಸರಿಯಲ್ಲಿ ಹಸಿರು ಫೌಂಟನ್ ಹುಲ್ಲು ತೋರಿಸಿದರೆ ಕೊಳ್ಳಬೇಡಿ. ಅದರ ಬೀಜ ಗಾಳಿಯಲ್ಲಿ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ; ಹವಾಯಿಯಲ್ಲಿ ಅದು ದೊಡ್ಡ ಕಳೆ. ನೇರಳೆ ತಳಿಯಲ್ಲಿ ಬೀಜ ಕಟ್ಟುವುದು ತೀರಾ ಅಪರೂಪ, ಬುಡ ಒಡೆದೇ ಹೆಚ್ಚಿಸಬೇಕು. ಎರಡು ಮೂರು ವರ್ಷಕ್ಕೆ ನಡುಭಾಗ ಸತ್ತು ಬಳೆಯಂತಾಗುತ್ತದೆ. ಆಗ ಜೂನ್‌ನಲ್ಲಿ ಕಿತ್ತು, ಸನಿಕೆಯಿಂದ ಸೀಳಿ, ಹೊರಸುತ್ತಿನ ತುಂಡುಗಳನ್ನು ಮಾತ್ರ ಮತ್ತೆ ನೆಡುತ್ತೇನೆ. ಯೂರಿಯಾ ಕೊಟ್ಟರೆ ಎಲೆ ಉದ್ದವಾಗಿ ಮೊದಲ ಜೋರು ಮಳೆಗೇ ಮಲಗಿಬಿಡುತ್ತದೆ. ನೆರಳಾದರೆ ನೇರಳೆ ಹೋಗಿ ಮಂಕು ಹಸಿರು ಉಳಿಯುತ್ತದೆ. ಇನ್ನೊಂದು, ಬುಡದ ಒಣ ಎಲೆ ಬೇಗ ಬೆಂಕಿ ಹಿಡಿಯುತ್ತದೆ. ದೀಪಾವಳಿಯಲ್ಲಿ ಮಕ್ಕಳು ಪಟಾಕಿ ಹಚ್ಚುವ ಗೇಟಿನ ಪಕ್ಕ ಇದನ್ನು ನೆಡಬೇಡಿ.

ಎರಡನ್ನೂ ಹಾಕಿದಲ್ಲಿ ಒಂದೇ ಡ್ರಿಪ್ ಲೈನಿಗೆ ಜೋಡಿಸುವುದು ಇಲ್ಲಿನ ಮಾಲಿಗಳ ಅಭ್ಯಾಸ. ಅದು ನಡೆಯುವುದಿಲ್ಲ. ಸೆಪ್ಟೆಂಬರಿನಲ್ಲಿ ಅಂಜೂರ ಬಾಯಾರಬೇಕು, ಅದೇ ಹೊತ್ತಿಗೆ ತೆನೆ ತುಂಬಿದ ಹುಲ್ಲು ಮಳೆ ಬಿಡುವು ಕೊಟ್ಟರೆ ನೀರು ಕೇಳುತ್ತದೆ. ಮಾರ್ಚ್‌ನಲ್ಲಿ ಲೆಕ್ಕ ತಿರುಗುಮುರುಗು. ಕಾಯಿ ತುಂಬುವ ಅಂಜೂರಕ್ಕೆ ದಿನಕ್ಕೆ 15–20 ಲೀಟರ್ ಬೇಕು, ಆಗಷ್ಟೇ ಬೋಳಿಸಿದ ಹುಲ್ಲಿಗೆ ದಿನ ಬಿಟ್ಟು ದಿನ ಬುಡಕ್ಕೆ ಎರಡು ಲೀಟರ್ ಸಾಕು. ಲೈನಿಗೊಂದು ವಾಲ್ವ್ ಹಾಕಿಸಿ, ಖರ್ಚು ದೊಡ್ಡದಲ್ಲ. ಅಂಜೂರದ ನೀರು ಒಂದು ದಿನ ತಪ್ಪಿ ಮರುದಿನ ಹೆಚ್ಚಾದರೆ ಹಣ್ಣು ಸೀಳುತ್ತದೆ. ಏಪ್ರಿಲ್‌ನ ಅಕಾಲಿಕ ಮಳೆಗೂ ಹಾಗೆಯೇ. ಸೀಳಿದ ಹಣ್ಣು ಆ ದಿನವೇ ತಿನ್ನಿ, ಮರುದಿನಕ್ಕೆ ಹುಳಿ ಬಂದಿರುತ್ತದೆ.

ನೆಡುವ ಮೊದಲೇ ತಿಳಿದಿರಬೇಕಾದ ಇನ್ನೊಂದು ವಿಷಯ: ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಕಡಿಯಲು ಪಾಲಿಕೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಪಾರ್ಕಿಂಗಿಗೆ ನಾಳೆ ಬೇಕಾಗಬಹುದಾದ ಜಾಗವಾದರೆ ಹುಲ್ಲೇ ಕ್ಷೇಮ.

ಹುಲ್ಲನ್ನು ಕತ್ತರಿಸುವುದು ಫೆಬ್ರವರಿಯಲ್ಲಿ. ಬುಡವನ್ನು ಸುತಳಿಯಿಂದ ಬಿಗಿದು ಕಟ್ಟಿ, ನೆಲದಿಂದ 15 ಸೆಂ.ಮೀ. ಮೇಲೆ ಒಂದೇ ಸಲಕ್ಕೆ ಕುಯ್ದರೆ ಎಲೆ ಚೆಲ್ಲುವುದಿಲ್ಲ. ಬಿಳಿ ಹಿಟ್ಟುತಿಗಣೆ ಇಲ್ಲದ ಕಟ್ಟುಗಳನ್ನು ಆರಿಸಿ ಅಂಜೂರದ ಪಾತಿಗೆ ಮೂರು ಇಂಚು ದಪ್ಪ ಹಾಸುತ್ತೇನೆ. ಹಣ್ಣಿನ ಕಾಲದಲ್ಲಿ ತೇವ ಒಂದೇ ಸಮ ಇರುತ್ತದೆ. ಗೆದ್ದಲು ಬರುವುದರಿಂದ ಕಾಂಡದ ಸುತ್ತ ಒಂದು ಗೇಣು ಖಾಲಿ ಬಿಡಿ, ಮಳೆ ಶುರುವಾಗುವ ಮೊದಲು ಹಾಸನ್ನು ಎತ್ತಿ ಗೊಬ್ಬರದ ಗುಂಡಿಗೆ ಹಾಕಿ.